ಕಾಡುದಾರಿಯೂ ನನ್ನ ಮದುವೆಯೂ

ಜನ ಕೂಲಿ ಕೇಳದೆ, ತಾವಾಗಿಯೇ ಒಪ್ಪಿಕೊಂಡು ಕೆಲಸಕ್ಕೆ ಬಂದ ಕಡೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಕೂಲಿ ಕೊಟ್ಟು ಕರೆಸಿದವರನ್ನು ಗದರಿಸಬಹುದು. ಸುಮ್ಮನೆ ಬಂದವರಿಗೆ ಕೈ ಮುಗಿಯಬೇಕು. ಅರಣ್ಯ ಇಲಾಖೆಯಲ್ಲಿ ಗಾರ್ಡಾಗಿದ್ದ ನಾನು ಆ ಒಂದು ಬೇಸಿಗೆಯಲ್ಲಿ ಮುಗಿದಷ್ಟು ಕೈಯನ್ನು ದೇವಸ್ಥಾನದಲ್ಲೂ ಮುಗಿದಿಲ್ಲ.

ಕೊಳ್ಳೇಗಾಲದ ಸೀಮೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಹನೂರು ಕಡೆಯಿಂದ ಬೆಟ್ಟ ದಾಟಿ ಯಳಂದೂರು ಕಡೆಗೆ ಇಳಿಯುವ ಹಳೆಯ ಕಾಲುದಾರಿಯೊಂದು ನನ್ನ ಕಾವಲಿಗೆ ಸೇರಿತ್ತು. ದನ ಮೇಯಿಸುವವರು, ಸೌದೆ ಹೊರುವ ಹೆಂಗಸರು, ಬೆಟ್ಟದ ದೇವರಿಗೆ ನಡೆದುಹೋಗುವವರು, ಆ ಕಡೆ ಈ ಕಡೆ ಹೆಣ್ಣು ಕೊಟ್ಟು ತಂದವರು, ಎಲ್ಲರಿಗೂ ಅದೇ ದಾರಿ. ಅದರ ಮೇಲೆ ಲಂಟಾನದ ಮುಳ್ಳುಪೊದೆ ಹಬ್ಬಿ, ಮೊಲ ಕೂಡ ಯೋಚನೆ ಮಾಡಿ ನುಗ್ಗಬೇಕಾದ ಹಾಗೆ ಆಗಿತ್ತು. ಇಲಾಖೆಯಲ್ಲಿ ಅದಕ್ಕೆ ದುಡ್ಡಿರಲಿಲ್ಲ. ನಡೆಯುವವರೇ ದಾರಿ ಸವರಲಿ, ಶ್ರಮದಾನ ಮಾಡಿಸು ಎಂದರು ನಮ್ಮ ರೇಂಜರ್ ಸಾಹೇಬರು. ಎರಡು ತುದಿಯಿಂದ ಎರಡು ಗುಂಪು ಹೊರಟು ನಡುವೆ ಸೇರಬೇಕು. ಹನೂರು ಕಡೆಯ ಗುಂಪಿಗೆ ಪಟೇಲರು ಮುಂದಾಳು. ಅವರ ಮನೆಯ ಹೊರಕೋಣೆಯಲ್ಲೇ ನನ್ನ ವಾಸ. ಯಳಂದೂರು ಕಡೆಯ ಗುಂಪಿಗೆ ಮುಂದಾಳು, ನಾನು ಮದುವೆಯಾಗಬೇಕಿದ್ದ ಹುಡುಗಿಯ ಸೋದರಮಾವ.

ಮದುವೆಯದೇ ನನಗೆ ದೊಡ್ಡ ಚಿಂತೆ. ಮುಹೂರ್ತವನ್ನು ಆಷಾಢಕ್ಕೆ ಸ್ವಲ್ಪ ಮುಂಚೆ ಇಟ್ಟಿದ್ದರು. ರಜೆ ಕೇಳಿದರೆ ಸಾಹೇಬರು, "ಈ ತುದಿಯಿಂದ ಆ ತುದಿಗೆ ನಾನು ತಲೆ ಬಗ್ಗಿಸದೆ ನಡೀಬೇಕು. ಅವತ್ತೇ ನಿನಗೆ ರಜೆ" ಎಂದುಬಿಟ್ಟರು. ಆಷಾಢ ಹಿಡಿದರೆ ಮತ್ತೆ ಶ್ರಾವಣದವರೆಗೆ ಮದುವೆಯ ಮಾತಿಲ್ಲ. ನಮ್ಮೂರು ಮುಳ್ಳೂರಿನಲ್ಲಿ ಅವ್ವ ಆಗಲೇ ಹಪ್ಪಳ ಒಣಗಿಸಲು ಶುರು ಮಾಡಿದ್ದಳು.

೧. ಶುರುವಿನ ಪೊದೆ

ಮೊದಲ ದಿನ ಪಟೇಲರ ಕಡೆಯವರು ಮಚ್ಚು, ಕುಡುಗೋಲು, ಗುದ್ದಲಿ ಹಿಡಿದು ಊರಿಗೆ ಊರೇ ಬಂದರು. ಸಂಜೆಯೊಳಗೆ ಅರ್ಧ ಬೆಟ್ಟ ಹತ್ತಿಬಿಡುತ್ತೇವೆ ಎಂದು ನಾನು ಹಿಗ್ಗಿಹೋದೆ. ಪಟೇಲರು ಮಾತ್ರ ಜರಿಯಂಚಿನ ಪಂಚೆ, ಕರಿ ಕೋಟು, ಪೇಟದಲ್ಲಿ ಬಂದಿದ್ದರು. ಒಳ್ಳೆಯ ಕೆಲಸ, ಪೂಜೆ ಮಾಡಿ ಒಂದು ಕೊಂಬೆ ಕಡಿದು ಶುರು ಮಾಡೋಣ ಎಂದರು. ದಾರಿಯ ಬಾಯಲ್ಲೇ ಇದ್ದ ಒಂದು ಪೊದೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದು ಕೊಂಬೆ ಕಡಿದರು. ಜನ ಚಪ್ಪಾಳೆ ತಟ್ಟಿದರು.

ಪಟೇಲರು ಕಡಿದ ಮೇಲೆ ಶಾನುಭೋಗರನ್ನು ಬಿಡಲಾಗುತ್ತದೆಯೇ? ಅವರೂ ಒಂದು ಕೊಂಬೆ ಕಡಿದರು. ಆಮೇಲೆ ಮೇಷ್ಟರು, ಆಮೇಲೆ ಮಠದ ಅಯ್ಯನವರು, ಆಮೇಲೆ ರೇಷ್ಮೆಗೂಡಿನ ಸಾಹುಕಾರರು. ಒಬ್ಬೊಬ್ಬರೂ ಕಡಿಯುವ ಮೊದಲು ಎರಡು ಮಾತಾಡಿದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪೊದೆ ಮುಗಿದುಹೋಯಿತು, ಹಿರಿಯರು ಇನ್ನೂ ಉಳಿದಿದ್ದರು. ಅವರಿಗೆ ಬೇಜಾರಾಗಬಾರದೆಂದು ಪಕ್ಕದ ಪೊದೆಗೂ ಕುಂಕುಮ ಹಚ್ಚಿದರು. ಅಷ್ಟರಲ್ಲಿ ಊಟ ಬಂತು. ಊಟವಾದ ಮೇಲೆ ಬಿಸಿಲು ಜಾಸ್ತಿ ಎಂದು ಎಲ್ಲರೂ ಮನೆಗೆ ಹೋದರು.

ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ ಪಟೇಲರು, "ಸುರು ಭಾಳ ಚೆನ್ನಾಗಾಯ್ತು ಕಣಪ್ಪ ಗಾರ್ಡು" ಎಂದರು. ಸುದ್ದಿ ಬೆಟ್ಟದಾಚೆಗೂ ಮುಟ್ಟಿತು. ಮಾರನೆಯ ದಿನವೇ ಸೋದರಮಾವನ ಕಡೆಯಿಂದ ಆಳು ಬಂದ: ಅವರು ಇನ್ನೂ ದೊಡ್ಡ ಪೊದೆ ಗೊತ್ತುಮಾಡಿದ್ದಾರಂತೆ, ನಾನು ಬಂದು ಎರಡು ಮಾತಾಡಬೇಕಂತೆ.

೨. ತಪಾಸಣೆ

ಯಳಂದೂರು ಕಡೆಯ ಗುಂಪಿಗೆ ಮಧ್ಯಾಹ್ನ ಮುದ್ದೆ ಸಾರು ಹೊತ್ತು ತರುವ ಹೆಂಗಸರಲ್ಲಿ ನನ್ನ ಹುಡುಗಿಯೂ ಇದ್ದಾಳೆಂದು ತಿಳಿಯಿತು. ಅವತ್ತಿನಿಂದ ಆ ಕಡೆಯ ಕೆಲಸ ಹೇಗೆ ನಡೆದಿದೆಯೋ ಎಂಬ ಚಿಂತೆ ನನಗೆ ಹೆಚ್ಚಾಯಿತು. ನಡುವೆ ದಾರಿ ಇನ್ನೂ ಬಿಟ್ಟಿರಲಿಲ್ಲ. ಲಂಟಾನದ ಕೆಳಗೆ ತೆವಳಿಕೊಂಡು, ಅಂಗಿ ಹರಿದುಕೊಂಡು, ಮೈಕೈ ತರಚಿಕೊಂಡು, ಸರಿಯಾಗಿ ಊಟದ ಹೊತ್ತಿಗೆ ಅಲ್ಲಿ ಮುಟ್ಟುತ್ತಿದ್ದೆ.

ಹೋದ ತಕ್ಷಣ ಸೋದರಮಾವ, ಅಳಿಯಂದಿರಿಗೆ ಸುಮ್ಮನೆ ಕೂತರೆ ಬೇಸರವಾಗುತ್ತದೆ ಎಂದು ಕೈಗೆ ಮಚ್ಚು ಕೊಡುತ್ತಿದ್ದರು. ಹುಡುಗಿ ನೋಡುತ್ತಿದ್ದಾಳಲ್ಲ ಎಂದು ನಾನೂ ಇಬ್ಬರ ಕೆಲಸ ಮಾಡುತ್ತಿದ್ದೆ. ಯಳಂದೂರು ಕಡೆ ಕೆಲಸ ಓಡತೊಡಗಿತು. ಹುಡುಗಿ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಒಂದು ದಿನ ಮಾತ್ರ ಪಕ್ಕದವಳಿಗೆ, ನನಗೂ ಕೇಳುವ ಹಾಗೆ, "ಮದ್ವೆ ದಿನಾನಾದ್ರೂವೆ ಅರೀದೆ ಇರೋ ಅಂಗಿ ಆಕಂಡ್ ಬರಾಕ್ ಏಳಕ್ಕ" ಎಂದಳು.

೩. ಕಲ್ಲುಗುಡ್ಡೆ

ಪಟೇಲರ ಕಡೆ ಒಂದು ತಿರುವಿನಲ್ಲಿ ದಾರಿ ತುಂಬ ಕಲ್ಲು ಬಿದ್ದಿತ್ತು. ಎತ್ತಿ ಪಕ್ಕಕ್ಕೆ ಹಾಕಿ ಎಂದೆ. ಸಂಜೆಯಾಗಿತ್ತು, ನಾಳೆ ಸಾಗಿಸೋಣ ಎಂದು ದಾರಿಯ ನಡುವೆಯೇ ಅಚ್ಚುಕಟ್ಟಾಗಿ ಗುಡ್ಡೆ ಮಾಡಿ ಹೋದರು. ಬೆಳಿಗ್ಗೆ ಬಂದು ನೋಡಿದರೆ ಗುಡ್ಡೆಯ ಮೇಲೆ ಅರಿಸಿನ, ಕುಂಕುಮ, ಒಂದು ಹಿಡಿ ಹಸಿರು ಸೊಪ್ಪು. ಬೆಳಗಿನ ಜಾವ ಸೌದೆಗೆ ಹೋದ ಹೆಂಗಸರು ಹಿಂದಿನ ದಿನ ಇಲ್ಲದ ಕಲ್ಲು ಇವತ್ತು ಎದ್ದಿದೆ ಎಂದು ಪೂಜೆ ಮಾಡಿದ್ದರು. ಆಮೇಲೆ ಬಂದ ದನಗಾಹಿಗಳೂ ಒಂದೊಂದು ಸೊಪ್ಪು ಹಾಕಿದ್ದರು.

ಗುಡ್ಡೆ ಹಾಕಿದ ಜನವೇ ಅದನ್ನು ಮುಟ್ಟಲು ಒಪ್ಪಲಿಲ್ಲ. ನೀವೇ ನಿನ್ನೆ ಎತ್ತಿ ಹಾಕಿದ ಕಲ್ಲಲ್ಲವೇನ್ರಯ್ಯ ಎಂದರೆ, ಎತ್ತಿ ಹಾಕಿದಾಗ ಕಲ್ಲಾಗಿತ್ತು, ಈಗಲ್ಲ ಎಂದರು. ನಾನು ಓದಿದವನು, ಸರ್ಕಾರದ ಅಂಗಿ ತೊಟ್ಟವನು. ಹಾರೆ ತೆಗೆದುಕೊಂಡು ನಾನೇ ಮುಂದೆ ನಡೆದೆ. ಸೌದೆಯ ಮುದುಕಿಯೊಬ್ಬಳು ಅಡ್ಡ ಬಂದು ನಿಂತಳು.

"ಬ್ಯಾಡಿ ಸಾ. ತಾವು ಮದ್ವೆ ಆಗೋರು. ನಿಮ್ಗೇನಾರ ಎಚ್ಚುಕಮ್ಮಿ ಆದ್ರೆ ಆ ಎಣ್ಣುಮಗೀಗೆ ಯಾರು ಜವಾಬು ಏಳೋರು?"

ಹಾರೆ ಎತ್ತಿದ ಕೈ ಹಾಗೇ ನಿಂತಿತು. ದಾರಿಯನ್ನು ಗುಡ್ಡೆಯ ಬಲಕ್ಕೆ ತಿರುಗಿಸಿ ಕಡಿಯಿರಿ ಎಂದು ಹೇಳಿದೆ. ಜನ ಆ ಕಡೆ ತಿರುಗಿದ ಮೇಲೆ ನಾನೂ ಒಂದು ಸೊಪ್ಪು ಹಾಕಿ, ಮದುವೆ ಸಾಂಗವಾಗಿ ಆದರೆ ಒಂದು ತೆಂಗಿನಕಾಯಿ ಎಂದು ಹೇಳಿಕೊಂಡು ಬಂದೆ.

೪. ಬಾಣದ ಗುರುತು

ಒಂದು ಭಾನುವಾರ ಕೊಳ್ಳೇಗಾಲದಿಂದ ಮಗ್ಗದ ಮನೆಗಳ ಯುವಕರು ಬಸ್ಸಿಳಿದು ಬಂದರು. ಹೊಸಬರು ದಾರಿ ತಪ್ಪದಂತೆ ಮರಗಳ ಮೇಲೆ ಸುಣ್ಣದಲ್ಲಿ ಬಾಣ ಬರೆಯುತ್ತೇವೆ ಎಂದರು. ಒಳ್ಳೆಯ ಹುಡುಗರು, ಲವಲವಿಕೆಯವರು. ಮೊದಲು ದಾರಿಯನ್ನೆಲ್ಲ ನೋಡಿಕೊಂಡು ಬರೋಣ ಎಂದು ಸವರಿದ್ದಷ್ಟು ದೂರವೂ ನಡೆದು ಹೋದರು. ಅಲ್ಲಿಂದ ಹಿಂದಕ್ಕೆ ಬರುತ್ತಾ ಮರಮರಕ್ಕೂ ಬಾಣ ಬರೆದರು. ಬಾಣ ಯಾವ ಕಡೆಗೆ? ಅವರು ನಡೆಯುತ್ತಿದ್ದ ಕಡೆಗೆ. ಕಡೆಯ ಬಸ್ಸು ಹಿಡಿಯುವ ಅವಸರ ಬೇರೆ.

ಮಾರನೆಯ ದಿನ ಬೆಟ್ಟದ ದೇವರಿಗೆ ಹೊರಟಿದ್ದ ಧನಗೆರೆಯ ಭಕ್ತರು ಮಧ್ಯಾಹ್ನಕ್ಕೇ ಗಂಟುಮೂಟೆಯ ಸಮೇತ ಪಟೇಲರ ಜಗಲಿಗೆ ವಾಪಸು ಬಂದು ಕೂತರು. ಏನಾಯಿತೆಂದು ವಿಚಾರಿಸಿದೆ.

"ಮರದ್ ಮ್ಯಾಲೆಲ್ಲ ವಾಪಸ್ ಓಗಿ ಅಂತ ಗುರ್ತು ಆಕವ್ರೆ ಸಾ. ಮುಂದ್ಕೆ ಆನೆ ಅದೇನೋ ಅಂದ್ಕಂಡು ಬಂದ್ಬುಟ್ವಿ."

ಯುವಕರಿಗೆ ಹೇಳಿಕಳಿಸಿದೆ. ಪಾಪ, ಮುಂದಿನ ಭಾನುವಾರವೇ ಬಂದು, ಹಳೆಯದನ್ನು ಅಳಿಸಲಾಗದೆ, ಪ್ರತಿ ಬಾಣದ ಪಕ್ಕದಲ್ಲೂ ಎದುರು ದಿಕ್ಕಿಗೆ ಇನ್ನೊಂದು ಬಾಣ ಬರೆದುಹೋದರು. ಮರುದಿನ ನಾನು ಹೋದಾಗ ಮೊದಲ ಮರದ ಕೆಳಗೆ ಒಬ್ಬ ಅಜ್ಜ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಯಾಕಜ್ಜ ಎಂದರೆ, ಸರ್ಕಾರದವರು ಇನ್ನೂ ತೀರ್ಮಾನ ಮಾಡಿದ ಹಾಗೆ ಕಾಣೆ, ಮಾಡಿದ ಮೇಲೆ ಹೋಗುತ್ತೇನೆ ಎಂದ.

೫. ಯಾರದೂ ಅಲ್ಲದ ಜಾಗ

ಅಂತೂ ಎರಡು ಗುಂಪೂ ಬೆಟ್ಟದ ನೆತ್ತಿಯ ಹತ್ತಿರ ಬಂದವು. ಒಬ್ಬರ ಮಚ್ಚಿನ ಸದ್ದು ಇನ್ನೊಬ್ಬರಿಗೆ ಕೇಳುತ್ತಿತ್ತು. ನಡುವೆ ಉಳಿದದ್ದು ಕೂಗಿದರೆ ಕೇಳುವಷ್ಟು ದೂರದ ಲಂಟಾನ. ಅಲ್ಲಿಗೆ ಇಬ್ಬರೂ ಮಚ್ಚು ಕೆಳಗಿಟ್ಟರು.

ಹಿಂದೆ ಅಲ್ಲಿ ಮದರಾಸು, ಮೈಸೂರುಗಳ ಗಡಿ ಇತ್ತು. ಹನೂರು ಕಡೆಯವರ ಲೆಕ್ಕಕ್ಕೆ ಗಡಿ ಎಂದರೆ ಅಲ್ಲಿದ್ದ ಎಲ್ಲೆಕಲ್ಲು. ಕಲ್ಲಿನವರೆಗೆ ನಮ್ಮದು, ಅದರಾಚೆ ಅವರದು ಎಂದರು ಪಟೇಲರು. ಯಳಂದೂರು ಕಡೆಯವರ ಲೆಕ್ಕಕ್ಕೆ ಗಡಿ ಎಂದರೆ ತಮ್ಮ ಕಡೆ ಇನ್ನೂ ಕೆಳಗಿದ್ದ ಹಳ್ಳ. ಹಳ್ಳದವರೆಗೆ ನಾವು ಕಡಿದಾಯಿತು ಎಂದರು ಸೋದರಮಾವ. ಕಲ್ಲಿಗೂ ಹಳ್ಳಕ್ಕೂ ನಡುವಿನ ಆ ತುಂಡನ್ನು ಯಾರೂ ಯಾವ ಕಾಲಕ್ಕೂ ಸವರಿದವರೇ ಅಲ್ಲ.

ನಾನು ಕಲ್ಲಿಗೂ ಹಳ್ಳಕ್ಕೂ ಓಡಾಡಿದೆ. ಎರಡೂ ಈಗ ಒಂದೇ ರಾಜ್ಯ, ಗಡಿ ಹೋಗಿ ಎಷ್ಟು ಕಾಲವಾಯಿತು ಎಂದು ಪಟೇಲರಿಗೆ ವಿವರಿಸಿದೆ.

"ಗಡಿ ಓಗಿರ್ಬೋದು ಕಣಪ್ಪ. ಕಲ್ಲು ಓಗಿಲ್ವಲ್ಲ" ಎಂದರು.

ಸೋದರಮಾವನಿಗೆ ಮದುವೆಯ ದಿನ ನೆನಪು ಮಾಡಿದೆ. ಅಳಿಯಂದಿರ ಮೇಲೆ ಪ್ರೀತಿಯಿದೆ, ಆದರೆ ಆ ಕಡೆಯವರ ಪಾಲನ್ನು ನಾವು ಕಡಿದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ ಎಂದರು. ಎರಡು ಕಡೆಗೂ ಕೈ ಮುಗಿದೆ. ಇಬ್ಬರೂ ನನಗೆ ತಿರುಗಿ ಕೈ ಮುಗಿದರು, ಮಚ್ಚು ಮಾತ್ರ ಎತ್ತಲಿಲ್ಲ. ಸಾಹೇಬರು ನಾಳೆ ಬರುತ್ತೇನೆಂದು ಹೇಳಿಕಳಿಸಿದ್ದರು. ಆಷಾಢ ಹತ್ತಿರವಾಗಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಸಾಹೇಬರನ್ನು ತಮ್ಮ ಕಡೆಗೆ ಒಲಿಸಿಕೊಳ್ಳಬೇಕೆಂದು ಪಟೇಲರು ತಮ್ಮ ತೋಟದ ಹಲಸಿನ ಹಣ್ಣುಗಳನ್ನು ತರಿಸಿದರು. ರಾತ್ರಿ ಎದುರು ಕಡೆಯವರು ಹೊತ್ತುಕೊಂಡು ಹೋದಾರೆಂಬ ಅನುಮಾನ. ಆ ನಡುವಿನ ಪೊದೆಗೆ ಯಾರೂ ಕೈ ಹಾಕುವುದಿಲ್ಲವಲ್ಲ, ಅಲ್ಲೇ ಕಲ್ಲಿನ ಪಕ್ಕದಲ್ಲಿ ಪೊದೆಯೊಳಗೆ ತುರುಕಿಸಿ ಮನೆಗೆ ಹೋದರು. ಹಳ್ಳದ ತುದಿಯಲ್ಲಿ ಸೋದರಮಾವನೂ ಅದೇ ಉಪಾಯ ಮಾಡಿದ್ದರು. ಅವರದೂ ಹಲಸು, ಚೆನ್ನಾಗಿ ಕಳಿತದ್ದು.

ಬೆಳಿಗ್ಗೆ ನಾನು ಹೋಗಿ ನೋಡಿದರೆ ಕಲ್ಲಿನಿಂದ ಹಳ್ಳದವರೆಗೆ ಎತ್ತಿನ ಗಾಡಿ ಹೊಡೆಯುವಷ್ಟು ಅಗಲದ ದಾರಿ. ಲಂಟಾನ ನೆಲಕ್ಕೆ ಮಲಗಿತ್ತು. ಎರಡು ತುದಿಯಲ್ಲೂ ಹಲಸಿನ ಸಿಪ್ಪೆಯ ಚೂರು ಬಿಟ್ಟರೆ ಏನೂ ಇರಲಿಲ್ಲ. ಈ ತುದಿಯ ಹಣ್ಣು ತಿಂದು ಮುಗಿಸಿದವರಿಗೆ ಆ ತುದಿಯ ಹಣ್ಣಿನ ವಾಸನೆ ಬಂದಿದೆ, ಸುತ್ತುಬಳಸು ಯಾಕೆಂದು ನೆಟ್ಟಗೆ ನಡೆದಿದ್ದಾರೆ. ಪಟೇಲರೂ ಸೋದರಮಾವನೂ ಬಂದು ನೋಡಿದರು. ಕಾಡಂಚಿನಲ್ಲಿ ಹುಟ್ಟಿ ಬೆಳೆದವರು, ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡೂ ಕಡೆಯ ಹುಡುಗರು ಮಾತ್ರ ನೆಲದ ಮೇಲೆ ಅಲ್ಲಲ್ಲಿ ಅವಸರವಾಗಿ ಸೊಪ್ಪು ಮುಚ್ಚಿದರು.

ಸಾಹೇಬರು ಬಂದವರೇ ನಿಂತುಬಿಟ್ಟರು. ಇಷ್ಟು ಅಗಲವಾಗಿ, ಇಷ್ಟು ಚೆನ್ನಾಗಿ ಇಲ್ಲಿ ದಾರಿ ಮಾಡಿದವರು ಯಾರು ಎಂದು ಕೇಳಿದರು.

"ನಮ್ಮೋರೇ ಸಾ" ಎಂದರು ಪಟೇಲರು.

"ಅವ್ರು ಕಲ್ ದಾಟಿಲ್ಲ ಬುದ್ಧಿ. ನಮ್ಮುಡುಗ್ರು ರಾತ್ರಿಯೆಲ್ಲ ಮಾಡವ್ರೆ" ಎಂದರು ಸೋದರಮಾವ.

ಎರಡೂ ಕಡೆಯವರು ತಮ್ಮ ಕೈಯ ಬೊಬ್ಬೆ ತೋರಿಸಿದರು. ಸಾಹೇಬರು ತಲೆಯಾಡಿಸುತ್ತಾ ನಾಲ್ಕು ಹೆಜ್ಜೆ ನಡೆದು, ದಾರಿಯ ನಡುವೆ ಸೊಪ್ಪು ಮುಚ್ಚಿದ್ದ ಒಂದು ಕಡೆ ನಿಂತರು. ಬೆತ್ತದ ತುದಿಯಿಂದ ಸೊಪ್ಪು ಸರಿಸಿದರು. ಮಂಕರಿ ತುಂಬುವಷ್ಟು ಆನೆಲದ್ದಿ, ಇನ್ನೂ ಹಬೆಯಾಡುತ್ತಿತ್ತು.

"ಇದು ಯಾವ ಕಡೆಯವರದು?" ಎಂದು ಕೇಳಿದರು.

ಪಟೇಲರು ಸೋದರಮಾವನ ಕಡೆಗೆ ಬೆರಳು ಮಾಡಿದರು. ಸೋದರಮಾವ ಪಟೇಲರ ಕಡೆಗೆ ಮಾಡಿದರು. ಸಾಹೇಬರು ಎಲ್ಲೆಕಲ್ಲಿನ ಮೇಲೆಯೇ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಎದ್ದು, ತಲೆ ಬಗ್ಗಿಸದೆ, ಹಳ್ಳದವರೆಗೂ ನಡೆದರು. ನಾನು ಹಿಂದೆಯೇ ಓಡಿದೆ. ತಿರುಗಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ರಜೆ ಕೊಟ್ಟಿದೀನಿ, ಹೋಗು. ಊರೋರನ್ನೆಲ್ಲ ಮದುವೆಗೆ ಕರಿ. ಈ ದಾರಿ ಮಾಡಿದೋರನ್ನ ಮಾತ್ರ ಊಟಕ್ಕೆ ಕರೀಬೇಡ."