ದಿಂಬಿನ ಕವರಿನಲ್ಲಿ ಸಿಕ್ಕಿಬಿದ್ದ ‘ಅಟ್’ ಸಾಹೇಬರಿಗೆ

ಎರಡೇ ಅಕ್ಷರಗಳಲ್ಲಿ ಇಡೀ ಇಂಗ್ಲಿಷನ್ನು ಆಡಿಸುತ್ತಿರುವ, ದೊಡ್ಡ ದೊಡ್ಡ ನಾಮಪದಗಳ ಮುಂದೆ ಎದೆಯುಬ್ಬಿಸಿ ನಡೆಯುವ, ಘನತೆವೆತ್ತ ‘ಅಟ್’ ಎಂಬ ಪದದ ಸನ್ನಿಧಾನಕ್ಕೆ.

ಮಾನ್ಯರೇ,

ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷಗಳಿಂದ ನಿಂತುಕೊಂಡೇ ಇಸ್ತ್ರಿ ಮಾಡುತ್ತಿರುವ ಹೆಂಗಸೊಬ್ಬಳು ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಏನು ಮಾಡಲಿ, ತಮ್ಮಂಥವರಿಗೆ ಮಂಡಿನೋವು ಬಂದ ಸುದ್ದಿಯನ್ನು ನಾನಂತೂ ಕೇಳಿಲ್ಲ. ನನಗೆ ಬಂದಿದೆ, ಎರಡೂ ಮಂಡಿಗೆ. ಈ ಪತ್ರಕ್ಕೆ ಮೂಲ ಕಾರಣ ಅದೇ ಆಗಿರುವುದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಮ್ಮ ಲಾಂಡ್ರಿಯಲ್ಲಿ ಹದಿನಾಲ್ಕು ಜನ ಕೆಲಸಗಾರರಿದ್ದೇವೆ, ಕುರ್ಚಿ ಒಂದೇ ಒಂದು. ಅದು ಮೇಲ್ವಿಚಾರಕರದ್ದು. ಹಳೆಯ ಮೇಲ್ವಿಚಾರಕರು ನಿವೃತ್ತರಾದಾಗ ಆ ಕುರ್ಚಿ ನನಗೆ ಬರುತ್ತದೆಂದು ಎಲ್ಲರೂ ಹೇಳಿದರು, ಒಗೆಯುವ ಯಂತ್ರದವರೂ ಒಪ್ಪಿದರು, ನಾನು ಮನೆಯಲ್ಲಿ ಅತ್ತೆಗೂ ಹೇಳಿಬಿಟ್ಟೆ. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಒಂದು ಆದೇಶ ಇಳಿಯಿತು: ಇನ್ನು ಮುಂದೆ ಲಾಂಡ್ರಿಯ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರತಕ್ಕದ್ದು, ಆದ್ದರಿಂದ ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೆ ಮಾತ್ರ ಆ ಕುರ್ಚಿ. ಹೀಗೆ ನನ್ನ ಮಂಡಿಗೂ ಕುರ್ಚಿಗೂ ನಡುವೆ ತಾವು ಬಂದು ನಿಂತಿರಿ.

ಪಾಠ ಹೇಳಲು ಬಂದ ಮೇಷ್ಟ್ರು ಒಳ್ಳೆಯವರು, ನನ್ನ ತಮ್ಮನ ವಯಸ್ಸಿನವರು. ತಮ್ಮ, ಅಂದರೆ ‘ಅಟ್’ ಸಾಹೇಬರ, ಪರಿಚಯವನ್ನು ಅವರು ಬಹಳ ಸರಳವಾಗಿ ಮಾಡಿಕೊಟ್ಟರು. ಒಳಗಿದ್ದರೆ ‘ಇನ್’, ಮೇಲಿದ್ದರೆ ‘ಆನ್’, ಒಂದು ಬಿಂದುವಿನಲ್ಲಿದ್ದರೆ ‘ಅಟ್’ ಎಂದರು. ಆಹಾ, ಇಷ್ಟೇನಾ ಎಂದು ನಾವು ಬೀಗಿದೆವು. ಮರುಕ್ಷಣವೇ ಬಾಗಿಲ ಬಳಿ ನಿಂತವನಿಗೂ ತಾವೇ, ರೈಲು ನಿಲ್ದಾಣದಲ್ಲಿ ಕಾಯುವವನಿಗೂ ತಾವೇ ಎಂದು ತಿಳಿಯಿತು. ಹನ್ನೆರಡು ಪ್ಲಾಟ್‌ಫಾರ್ಮುಗಳ ನಿಲ್ದಾಣ ಯಾವ ಲೆಕ್ಕದಲ್ಲಿ ಬಿಂದುವಾಯಿತೆಂದು ಕೇಳಿದರೆ, ದೂರದಿಂದ ನೋಡಿದರೆ ಬಿಂದುವೇ ಎಂದರು ಮೇಷ್ಟ್ರು. ದೂರದಿಂದ ನೋಡಿದರೆ ನಾನೂ ತೆಳ್ಳಗಿದ್ದೇನೆ ಮಾನ್ಯರೇ, ಅದನ್ನು ಯಾರೂ ದಾಖಲೆಯಲ್ಲಿ ಬರೆಯುವುದಿಲ್ಲ.

ಆರು ಗಂಟೆಗೆ ತಾವು ಇರುತ್ತೀರಿ, ಸರಿ, ಗಡಿಯಾರದ ಮೇಲೆ ಆರು ಎಂಬುದು ಒಂದು ಚುಕ್ಕಿಯೇ. ಆದರೆ ಸೋಮವಾರ ಬಂದರೆ ‘ಆನ್’ ಅವರಿಗೆ ಬಿಟ್ಟುಕೊಟ್ಟು ಮನೆಗೆ ಹೋಗುತ್ತೀರಿ, ಬೆಳಗು ಮಧ್ಯಾಹ್ನಗಳನ್ನು ‘ಇನ್’ ನೋಡಿಕೊಳ್ಳುತ್ತಾರೆ, ರಾತ್ರಿಯಾದೊಡನೆ ಮತ್ತೆ ತಾವು ಹಾಜರು. ರಾತ್ರಿಯೇನು ಬೆಳಗಿಗಿಂತ ಗಿಡ್ಡವೇ? ನಮ್ಮಲ್ಲಿ ಪಾಳಿ ಬದಲಾಯಿಸಬೇಕಾದರೂ ಕಾರಣ ಬರೆದುಕೊಡಬೇಕು, ತಮ್ಮನ್ನು ಕೇಳುವವರೇ ಇಲ್ಲ. ಶಾಲೆಗೆ ಹೋಗುವ ನನ್ನ ಮಗಳನ್ನು ವಿಚಾರಿಸಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, “ಅಮ್ಮ, ಯಾಕೆ ಅಂತ ಕೇಳ್ಬೇಡ, ಸುಮ್ನೆ ಬಾಯಿಪಾಠ ಮಾಡ್ಕೊ” ಎಂದಳು. ಹೆತ್ತ ಮಗಳೇ ತಮ್ಮ ಪರ ವಹಿಸಿದ ಮೇಲೆ ಯಾರಿಗೆ ದೂರು ಕೊಡಲಿ?

ಈ ಸಂದರ್ಭದಲ್ಲಿ ನಮ್ಮ ಕನ್ನಡದ ‘ಅಲ್ಲಿ’ಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ನ ಜೀರ್ಣವಾಗುವುದಿಲ್ಲ. ಅದು ಮನೆಯಲ್ಲಿ, ಪೆಟ್ಟಿಗೆಯಲ್ಲಿ, ಬಾಗಿಲಲ್ಲಿ, ಬೀದಿಯಲ್ಲಿ, ರಾತ್ರಿಯಲ್ಲಿ, ಕೋಪದಲ್ಲಿ ಎಲ್ಲ ಕಡೆಯೂ ಒಂದೇ ಸಂಬಳಕ್ಕೆ ದುಡಿಯುತ್ತದೆ. ಪದದ ಹಿಂದೆ ಸದ್ದಿಲ್ಲದೆ ಅಂಟಿಕೊಳ್ಳುತ್ತದೆ, ತನಗೆಂದು ಬೇರೆ ಜಾಗ ಕೂಡ ಕೇಳುವುದಿಲ್ಲ. ತಾವು ಮಾತ್ರ ಮೂರು ಜನ ಸೇರಿ ಆ ಒಬ್ಬನ ಕೆಲಸ ಮಾಡುತ್ತೀರಿ, ಅದೂ ಪದದ ಮುಂದೆ, ಎರಡೂ ಪಕ್ಕ ಜಾಗ ಬಿಡಿಸಿಕೊಂಡು. ಮೇಲಿನ ಮಹಡಿಯಲ್ಲಿ ಹುಟ್ಟಬೇಕಾದವರು ವ್ಯಾಕರಣದಲ್ಲಿ ಹುಟ್ಟಿಬಿಟ್ಟಿರಿ.

ಇನ್ನು ತಮ್ಮ ಸ್ವಭಾವ. ಚೆಂಡನ್ನು ಒಬ್ಬನ ಕೈಗೆ ಸಿಗಲೆಂದು ಎಸೆದರೆ ‘ಟು’ ಅಂತೆ, ಅವನ ಹಣೆ ಒಡೆಯಲೆಂದು ಎಸೆದರೆ ತಾವಂತೆ. ಒಬ್ಬರನ್ನು ನೋಡಿ ನಗುವಾಗ, ಒಬ್ಬರ ಮೇಲೆ ಕಿರುಚುವಾಗ, ಗುರಿಯಿಟ್ಟು ದುರುಗುಟ್ಟಿ ನೋಡುವಾಗ ತಪ್ಪದೆ ತಾವೇ ಜೊತೆಗಿರುತ್ತೀರಿ. ಮೇಷ್ಟ್ರು ಕೊಟ್ಟ ಮೂವತ್ತೆರಡು ಉದಾಹರಣೆಗಳಲ್ಲಿ ತಮ್ಮ ಬಗ್ಗೆ ನನಗೆ ಹಿಡಿಸಿದ್ದು ಒಂದೇ, ಯಾರಾದರೂ ಒಂದು ಕೆಲಸದಲ್ಲಿ ಗಟ್ಟಿಗರಾಗಿದ್ದರೆ ಅಲ್ಲಿಯೂ ತಾವು ಬರುತ್ತೀರಿ ಎಂಬುದು. ‘ಐ ಆಮ್ ಗುಡ್ ಅಟ್ ಐರನಿಂಗ್.’ ಅದನ್ನು ನಾನು ಒಂದೇ ಸಲಕ್ಕೆ ಕಲಿತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಿನಕ್ಕೊಂದು ವಾಕ್ಯ ಬರೆದು, ಮತ್ತೆ ಮತ್ತೆ ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಿ ಎಂದು ಮೇಷ್ಟ್ರು ಹೇಳಿದರು. ನಮ್ಮ ನೆಲಮಾಳಿಗೆಯಲ್ಲಿ ಕಾಗದ ಆವಿಗೆ ನೆನೆದು ಮುದ್ದೆಯಾಗುತ್ತದೆ, ಗೋಡೆಗೆ ಅಂಟಿಸಿದ್ದು ಮಧ್ಯಾಹ್ನಕ್ಕೆ ನೆಲದಲ್ಲಿರುತ್ತದೆ. ನಮ್ಮಲ್ಲಿ ಉಳಿಯುವುದು ಕೆಂಪು ದಾರದಲ್ಲಿ ಹೊಲಿದದ್ದು ಮಾತ್ರ. ಪ್ರತಿ ಬಟ್ಟೆಯ ಅಂಚಿನಲ್ಲೂ ವಾರ್ಡಿನ ಸಂಖ್ಯೆ, ಹಾಸಿಗೆಯ ಸಂಖ್ಯೆ ಕೆಂಪು ದಾರದಲ್ಲಿರುತ್ತದೆ, ನೂರು ಒಗೆತಕ್ಕೂ ಜಗ್ಗುವುದಿಲ್ಲ. ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬೀಳುವುದು ಯಾವುದು? ದಿಂಬಿನ ಕವರು. ಇಂದು ಹೋದದ್ದು ಮೂರನೆಯ ದಿನಕ್ಕೆ ಸರಿಯಾಗಿ ಇಸ್ತ್ರಿ ಮೇಜಿಗೆ ವಾಪಸು. ಆದ್ದರಿಂದ ನಾವು, ಅಂದರೆ ನಾನು ಮತ್ತು ಅಂಗಿಗಳಿಗೆ ಗುಂಡಿ ಹಚ್ಚುವ ಗೆಳತಿ ಗುಂಡಿಯಕ್ಕ, ಮೂವತ್ತೆರಡು ದಿಂಬಿನ ಕವರುಗಳ ಅಂಚಿನಲ್ಲಿ ಮೂವತ್ತೆರಡು ವಾಕ್ಯಗಳನ್ನು ಅಂದವಾಗಿ ಹೊಲಿದುಬಿಟ್ಟೆವು. ಕವರು ಬಂದಾಗಲೆಲ್ಲ ಪಾಠ, ಮಡಚುವಾಗಲೆಲ್ಲ ಪುನರಾವರ್ತನೆ.

ನಂಬಿ ಮಾನ್ಯರೇ, ಅವು ನಮ್ಮಲ್ಲಿಗೆ ಕೊಳೆಯಾಗಿ ಬರುತ್ತವೆ, ಗರಿಗರಿಯಾಗಿ ಹೋಗುತ್ತವೆ. ನಡುವಿನ ಎರಡು ದಿನ ಪ್ರತಿ ಕವರಿನ ಮೇಲೂ ಒಂದು ತಲೆ ಇರುತ್ತದೆ, ಆ ತಲೆಗೆ ಓದಲು ಬರಬಹುದು ಎಂಬುದು ನಮಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ವಾರ್ಡಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದವರು ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕರು. ಹತ್ತು ಗಂಟೆಗೆ ಅವರನ್ನು ಒಳಗೆ ಕರೆದೊಯ್ಯಬೇಕಿತ್ತು, ಶಸ್ತ್ರವೈದ್ಯರು ಇನ್ನೂ ಬಂದಿರಲಿಲ್ಲ. ಬೇಸರಕ್ಕೆ ಮಗ್ಗುಲು ಬದಲಿಸಿದ ಶಿಕ್ಷಕರಿಗೆ ಮೂಗಿನ ಪಕ್ಕದಲ್ಲೇ ಕೆಂಪು ದಾರದ ಹದಿನೇಳನೆಯ ಪಾಠ ಕಂಡಿತು: ‘ದಿ ಡಾಕ್ಟರ್ ಈಸ್ ಅಟ್ ದಿ ಸಿನಿಮಾ.’ ಆಸ್ಪತ್ರೆಯಲ್ಲಿ ಕೆಂಪು ದಾರದಲ್ಲಿದ್ದದ್ದೆಲ್ಲ ಅಧಿಕೃತವೆಂದು ಅವರಿಗೂ ಗೊತ್ತಿತ್ತು. ಸಿನಿಮಾ ಮುಗಿಯಲಿ, ಆಮೇಲೆ ಬರುತ್ತೇನೆ, ಅರ್ಧ ಮನಸ್ಸು ಅಲ್ಲಿರುವವರ ಕೈಗೆ ನನ್ನ ಹೊಟ್ಟೆ ಕೊಡಲಾರೆ ಎಂದು ಅವರು ಮಂಚದ ಸರಳು ಹಿಡಿದು ಕೂತರು. ಮುಕ್ಕಾಲು ಗಂಟೆ ತಡವಾಗಿ ಬಂದ ಶಸ್ತ್ರವೈದ್ಯರು ಆ ವಾಕ್ಯ ಓದಿ ಕಿವಿಯವರೆಗೆ ಕೆಂಪಾದರು, ಎಲ್ಲಿಗೆ ಹೋಗಿದ್ದರೆಂದು ಮಾತ್ರ ಇಂದಿಗೂ ಹೇಳಿಲ್ಲ.

ಮೂವರ ವಿಚಾರಣಾ ಸಮಿತಿ ಕೂತಿತು. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈಯ ಹೊಲಿಗೆ ನಮ್ಮವರಿಗೆಲ್ಲ ಗುರುತು ಸಿಗುತ್ತದೆ, ಹಾಗಾಗಿ ನಾನೇ ಒಪ್ಪಿಕೊಂಡೆ. ಅಷ್ಟರಲ್ಲಿ ಚಿಕಿತ್ಸೆಯಾಗಿ ಚೇತರಿಸಿಕೊಂಡಿದ್ದ ಶಿಕ್ಷಕರು ಗಾಲಿಕುರ್ಚಿಯಲ್ಲಿ ಬಂದು ನನ್ನ ಪರವಾಗಿಯೇ ಸಾಕ್ಷಿ ಹೇಳಿದರು. “ಈ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಈಯಮ್ಮನಿಗೆ ಪಾಠ ಚೆನ್ನಾಗಿ ಬಂದಿದೆ” ಎಂದರು. ನನ್ನ ಇಡೀ ಬದುಕಿನಲ್ಲಿ ಇಂಗ್ಲಿಷಿಗೆ ಸಿಕ್ಕ ಒಂದೇ ಶಹಬ್ಬಾಸ್‌ಗಿರಿ ಅದು, ಅಲ್ಲೇ ನನ್ನ ಕಣ್ಣು ತುಂಬಿತು. ಸಮಿತಿಗೂ ಅದೇ ಸಾಕಾಯಿತು. ವಾಕ್ಯ ತಪ್ಪಿದ್ದರೆ ಕಲಿಯುವವಳ ಕೈತಪ್ಪು ಎಂದು ಬಿಡಬಹುದಿತ್ತು, ಇಷ್ಟು ಸರಿಯಾಗಿರುವುದರಿಂದ ಬೇಕೆಂದೇ ಮಾಡಿದ್ದಾಳೆ ಎಂದು ತೀರ್ಮಾನಿಸಿ, ಪರೀಕ್ಷೆಗೆ ಕೂರುವವರ ಪಟ್ಟಿಯಿಂದ ನನ್ನ ಹೆಸರನ್ನೇ ಹೊಡೆದುಹಾಕಿದರು. ತಮ್ಮನ್ನು ಸರಿಯಾಗಿ ಬಳಸಿದ್ದಕ್ಕೆ ಶಿಕ್ಷೆ ಅನುಭವಿಸಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಉಗ್ರಾಣ ನೋಡಿಕೊಳ್ಳುತ್ತಿದ್ದವರು ಪಾಸಾಗಿ ಮೇಲ್ವಿಚಾರಕರಾದರು. ಸಭ್ಯಸ್ಥರು, ವಾಕ್ಯದಲ್ಲಿ ತಮ್ಮನ್ನು ಎಲ್ಲಿ ಇಡಬೇಕೋ ಅಲ್ಲೇ ಇಡುತ್ತಾರೆ. ಆದರೆ ಹಾಸಿಗೆ ಬಟ್ಟೆ ಒಣಗಿದೆಯೋ ಇಲ್ಲವೋ ಎಂಬುದು ಕೈಯ ಹಿಂಭಾಗ ತಾಗಿಸಿ ನೋಡಿದರೆ ಮಾತ್ರ ತಿಳಿಯುವಂಥದ್ದು, ಅದು ಅವರಿಗೆ ಬರುವುದಿಲ್ಲ. ಹಾಗಾಗಿ ದಿನವಿಡೀ ನನ್ನ ಮೇಜಿನ ಪಕ್ಕದಲ್ಲೇ ನಿಂತು ಇದು ಆಯಿತಾ, ಅದು ಆಯಿತಾ ಎಂದು ಕೇಳುತ್ತಾರೆ. ನಾನೂ ನಿಂತಿರುತ್ತೇನೆ, ಅವರೂ ನಿಂತಿರುತ್ತಾರೆ. ಹೀಗೆ ಆರು ವಾರ ಕುರ್ಚಿ ಖಾಲಿ ಇತ್ತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಾವು ಒಂದು ದಿನದ ಮಟ್ಟಿಗೆ ರಜೆ ಹಾಕಿ ‘ಅಲ್ಲಿ’ಗೆ ಅಧಿಕಾರ ವಹಿಸಿಕೊಡಬೇಕು. ಅದಾಗದಿದ್ದರೆ ತಾವೇ ಖುದ್ದಾಗಿ ಕೆಳಗೆ ಇಳಿದು ಬಂದು, ನಮ್ಮ ಮೇಜಿನ ಬಳಿ ಎಂಟು ಗಂಟೆ ನಿಂತು, ನೀರು ಕಾಯುವ ತೊಂಬತ್ತು ಡಿಗ್ರಿಗೂ ತಾವೇ ಹೊಣೆಯೆಂದು ಪುಸ್ತಕದಲ್ಲಿದೆಯಲ್ಲ, ಆ ನೀರಿನಲ್ಲಿ ಒಂದು ಸಲ ಕೈಯಾಡಿಸಿ ಹೋಗಬೇಕು. ಅದೂ ಆಗದಿದ್ದರೆ ಚಿಂತೆಯಿಲ್ಲ. ಇವತ್ತು ಬೆಳಗ್ಗೆ ಮಂಡಿ ಸೆಳೆತಕ್ಕೆ ಕಣ್ಣು ಕತ್ತಲೆ ಬಂದಂತಾಗಿ, ಯಾರನ್ನೂ ಕೇಳದೆ, ಯಾವ ಪರೀಕ್ಷೆಯನ್ನೂ ಬರೆಯದೆ, ನಾನು ಆ ಕುರ್ಚಿಯಲ್ಲಿ ಕೂತುಬಿಟ್ಟೆ. ಒಗೆಯುವ ಯಂತ್ರದವರು ಯಂತ್ರ ನಿಲ್ಲಿಸಿ ನೋಡಿದರು. ಗುಂಡಿಯಕ್ಕ ಮಾತ್ರ ನನ್ನ ಭುಜದ ಮೇಲೆ ಕೈಯಿಟ್ಟು, “ಕೂತ್ಕೊ ಅಕ್ಕ. ಫೋನ್ ಬಂದ್ರೆ ನಾನ್ ನೋಡ್ಕೋತೀನಿ” ಎಂದಳು.

ಫೋನು ಆಗಿನಿಂದ ಬಡಿದುಕೊಳ್ಳುತ್ತಲೇ ಇದೆ. ರೋಗಿಗಳ ಬಟ್ಟೆ ನಿನ್ನೆಯೇ ಮಡಚಿ ಕಳಿಸಿದ್ದೇವೆ, ಅವರಿಗೆ ತೊಂದರೆಯಿಲ್ಲ. ಇಸ್ತ್ರಿಯಾಗದೆ ಉಳಿದಿರುವುದು ಶಸ್ತ್ರವೈದ್ಯರ ಮತ್ತು ಸಮಿತಿಯ ಮೂವರ ಬಿಳಿ ಕೋಟುಗಳು. ಅವು ಒದ್ದೆಯಾಗಿಯೇ ಇವೆ, ನಾನು ಕೂತೇ ಇದ್ದೇನೆ.

ಇಂತಿ, ಎರಡು ಮಂಡಿಗಳ ಪರವಾಗಿ,
ತಮ್ಮ ವಿಶ್ವಾಸಿ,
ಇಸ್ತ್ರಿ ವಿಭಾಗದ ಹಿರಿಯಾಳು

ತಾಜಾಕಲಂ: ‘ಎದ್ದೇಳು’ ಎಂದು ಇಂಗ್ಲಿಷಿನಲ್ಲಿ ಗದರಿಸಲು ತಮ್ಮ ಸಹಾಯ ಬೇಕಿಲ್ಲವಂತೆ, ಅದಕ್ಕೆ ‘ಅಪ್’ ಎಂಬ ಬೇರೆಯವರಿದ್ದಾರಂತೆ. ದಯವಿಟ್ಟು ಅವರಿಗೆ ತಿಳಿಸಿ, ಬರುವಾಗ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಬರಲಿ. ನಾನು ತೂಕದ ಹೆಂಗಸು.