ನಝೀಮನ ಸೌಂಡ್ ಸಿಸ್ಟಮ್ಮೂ ಅತ್ತೆಯ ಬ್ಲಾಂಕೆಟ್ಟೂ

ಸೌದಿ ಅರೇಬಿಯಾದ ಯಾನ್ಬುವಿನಲ್ಲಿ ಲಕ್ಷಾಂತರ ಜನರಿದ್ದಾರೆ, ಎಲ್ಲರಿಗೂ ಎರಡೆರಡು ಕಿವಿಗಳಿವೆ. ಆದರೆ ಕೇಳಲಿಕ್ಕೆ ಬರುವ ಕಿವಿ ಇರುವುದು ತನಗೊಬ್ಬನಿಗೇ ಎಂಬುದು ನಝೀಮನ ದೃಢವಾದ ಅಭಿಪ್ರಾಯವಾಗಿತ್ತು. ರಿಫೈನರಿಯಲ್ಲಿ ಅವನು ಟೆಕ್ನಿಶಿಯನ್. ಪೈಪಿನಲ್ಲಿ ಎಲ್ಲಾದರೂ ಹಬೆ ಸೋರುತ್ತಿದ್ದರೆ ಐವತ್ತು ಅಡಿ ದೂರದಲ್ಲೇ ನಿಂತು, ಕಣ್ಣು ಮುಚ್ಚಿ, ಯಾವ ವಾಲ್ವು ಎಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಏಳು ಸಲ ಅದು ಸರಿಯಾಗಿರುತ್ತಿತ್ತು. ಉಳಿದ ಮೂರು ಸಲ ವಾಲ್ವಿನದ್ದೇ ತಪ್ಪು ಎಂದು ಅವನು ಸಾಧಿಸುತ್ತಿದ್ದ.

ಇಂಥ ಅಪರೂಪದ ಕಿವಿಗಳ ಒಡೆಯ ೨೦೧೪ರ ಚಳಿಗಾಲದ ಒಂದು ಬೆಳಿಗ್ಗೆ ಚಹಾ ಲೋಟ ಎತ್ತಿ ಹಿಡಿದು ಘೋಷಿಸಿಯೇಬಿಟ್ಟ. "ಜಸೀಲಾ, ಈ ವರ್ಷ ನಮ್ಮ ಮನೆಯಲ್ಲಿ ಸೌಂಡ್ ಅಂದರೆ ಎಂತ ಅಂತ ಊರಿನವರಿಗೆಲ್ಲ ತೋರಿಸಿಕೊಡ್ತೇನೆ!"

"ಮೊನ್ನೆಯಿಂದ ಬಾತ್‌ರೂಮಿನ ನಲ್ಲಿ ಟಪ್ ಟಪ್ ಅಂತ ಸೌಂಡ್ ಮಾಡ್ತಾ ಉಂಟು," ಎಂದಳು ಹೆಂಡತಿ. "ಅದು ಮಾತ್ರ ನಿಮಗೆ ಕೇಳುವುದಿಲ್ಲ."

"ಅದು ಬೇರೆ ಫ್ರೀಕ್ವೆನ್ಸಿ," ಎಂದ ನಝೀಮ್ ಗಂಭೀರವಾಗಿ.

ಅಲ್ಲಿಂದ ಶುರುವಾಯಿತು ನೋಡಿ ಅಧ್ಯಯನ! ಮೂರು ತಿಂಗಳು ಅವನು ಇಂಟರ್ನೆಟ್ಟಿನಲ್ಲಿ ಮುಳುಗಿದ. ವೂಫರ್, ಟ್ವೀಟರ್, ರಿಸೀವರ್, ಓಮ್ಸ್, ವ್ಯಾಟ್ಸ್ ಎಂದು ನಿದ್ದೆಯಲ್ಲೂ ಬಡಬಡಿಸಿದ. ಅನ್ನ ಉಣ್ಣುವಾಗ ಅನ್ನದ ಮೇಲೆ ಗಮನವಿಲ್ಲ, ಮೀನಿನ ಮುಳ್ಳಿನ ಮೇಲೂ ಗಮನವಿಲ್ಲ. ಕೊನೆಗೆ ಒಂದು ಗುರುವಾರ ಬೆಳಿಗ್ಗೆ ರಜೆ ಹಾಕಿ, ಮುನ್ನೂರು ಚಿಲ್ಲರೆ ಕಿಲೋಮೀಟರ್ ಕಾರು ಓಡಿಸಿ ಜಿದ್ದಾಕ್ಕೆ ಹೋದ. ಸ್ಪೀಕರುಗಳನ್ನು ಪರೀಕ್ಷಿಸಲು ಮೊಬೈಲಿನಲ್ಲಿ ತನ್ನದೇ ಒಂದು ರೆಕಾರ್ಡಿಂಗ್ ಒಯ್ದಿದ್ದ. ಹಾಡಲ್ಲ, ವಾದ್ಯವಲ್ಲ. ಜಸೀಲಾ ಬಂಗುಡೆ ಮೀನು ಕಾಯಿಸುವ ಸದ್ದು!

ಅಂಗಡಿಯ ಸೇಲ್ಸ್‌ಮ್ಯಾನ್ ಗುಲಾಮ್ ಮುಹಮ್ಮದ್ ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿ ಎರಡು ನಿಮಿಷ ಭಕ್ತಿಯಿಂದ ಕೇಳಿದ. "ಬಾರಿಶ್ ಹೈ ಕ್ಯಾ, ಭಾಯಿ?" ಎಂದು ಕೇಳಿದ. ಮಳೆಯಂತೆ! ಕೇಳಿದ ಪ್ರತಿಯೊಂದು ಸ್ಪೀಕರಿನಲ್ಲೂ ನಝೀಮ್ ತಲೆ ಅಲ್ಲಾಡಿಸಿದ. ಒಂದರಲ್ಲಿ ಎಣ್ಣೆ ಜಾಸ್ತಿಯಾಯಿತು, ಒಂದರಲ್ಲಿ ಮಸಾಲೆ ಹಿಡಿದಿಲ್ಲ. ಹನ್ನೊಂದನೆಯದರಲ್ಲಿ ಮಾತ್ರ ಬಂಗುಡೆ ಮಗುಚಿದ ಸದ್ದು ಚೊಯ್ಯೆಂದು ಕೇಳಿ ಅವನ ಬಾಯಲ್ಲಿ ನೀರೂರಿತು. "ಇದೇ ಕೊಡು," ಎಂದ. ಗುಲಾಮ್ ಮುಹಮ್ಮದ್ ಅಂಥ ಗಿರಾಕಿಯನ್ನು ಹಿಂದೆ ಕಂಡಿರಲಿಲ್ಲ, ಪಾಪ.

ಮನೆಗೆ ಬಂದ ಸಾಮಾನು ನೋಡಿ ಜಸೀಲಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಮಜ್ಲಿಸ್ ಎಂದು ಕರೆಯುವ ಹೊರಗಿನ ಕೋಣೆಯಲ್ಲಿ ಎರಡು ಸ್ಪೀಕರುಗಳು ಎದೆಯೆತ್ತರಕ್ಕೆ ನಿಂತಿದ್ದವು. ನಡುವೆ ಅವುಗಳನ್ನು ಆಡಿಸುವ ಕಪ್ಪು ರಿಸೀವರ್ ಡಬ್ಬ. ಇವಲ್ಲದೆ ಒಳಗಿನ ಕೋಣೆಗೆಂದು ಎರಡು ಸಣ್ಣ ಸ್ಪೀಕರುಗಳು. ಊರಿಗೆ ಒಯ್ಯಲು ಜಸೀಲಾ ಆರು ತಿಂಗಳಿನಿಂದ ತುಂಬಿಸುತ್ತಿದ್ದ ಕಾರ್ಟನ್ ಮಾತ್ರ ಶೂ ಸ್ಟ್ಯಾಂಡಿನ ಪಕ್ಕಕ್ಕೆ ಗಡೀಪಾರಾಗಿತ್ತು.

"ನೋಡಿ, ನನಗೆ ಇದು ಮನೆಯಲ್ಲಿ ಬೇಡ," ಎಂದಳು. "ಶುಕ್ರವಾರ ಸಂಘದ ಮೀಟಿಂಗ್ ಈ ಸಲ ನಮ್ಮಲ್ಲಿ ಅಲ್ವಾ? ಹೆಂಗಸರ ರೂಮಿನಲ್ಲಿ ಒಬ್ಬಳಾದರೂ ಬಾಯಿಬಿಟ್ಟು 'ಒಳ್ಳೆದುಂಟು' ಅಂತ ಹೇಳಿದರೆ ಇರಲಿ. ಇಲ್ಲದಿದ್ದರೆ ಶನಿವಾರ ವಾಪಸ್ ಜಿದ್ದಾಕ್ಕೆ!"

"ಒಬ್ಬಳಾ? ಎಲ್ಲರೂ ಹೇಳ್ತಾರೆ!"

ಇಲ್ಲಿ ಸ್ವಲ್ಪ ವಿವರಿಸಬೇಕು. ಊರಿನವರ ಸಂಘದ ಸಭೆ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಗಂಡಸರು ಮಜ್ಲಿಸಿನಲ್ಲಿ, ಹೆಂಗಸರು ಒಳಗಿನ ಕೋಣೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಹೊರಗೆ ಮೈಕಿನಲ್ಲಿ ಮಾಡಿದ ಭಾಷಣ ಒಳಗಿನವರಿಗೆ ಕೇಳಲೆಂದು ಒಂದು ಸ್ಪೀಕರನ್ನು ಅಲ್ಲಿಡುವುದು ಪದ್ಧತಿ. ಇಷ್ಟು ವರ್ಷ ಸಂಘದ ಹಳೆಯ ಸ್ಪೀಕರು ಒಳಗೆ ಬರೇ ಗುರ್ರೆನ್ನುತ್ತಿತ್ತು. ಹೆಂಗಸರು ಅದನ್ನು ಫ್ಯಾನಿನ ಸದ್ದೆಂದು ತಿಳಿದು ತಮ್ಮ ಪಾಡಿಗೆ ಮಾತಾಡಿಕೊಂಡಿದ್ದರು. ಆ ಕತ್ತಲೆಯ ಯುಗಕ್ಕೆ ತೆರೆ ಎಳೆಯಲು ನಝೀಮ್ ಟೊಂಕ ಕಟ್ಟಿದ.

ಆದರೆ ಒಂದು ತೊಡಕಿತ್ತು. ಬರಿಯ ಗೋಡೆ, ಟೈಲ್ಸಿನ ನೆಲ. ಮೈಕಿನಲ್ಲಿ "ಹಲೋ" ಎಂದರೆ ಗೋಡೆ ಮೂರು ಸಲ "ಹಲೋ, ಹಲೋ, ಹಲೋ" ಎಂದು ಮರ್ಯಾದೆಯಿಂದ ಉತ್ತರಿಸುತ್ತಿತ್ತು. ಹಿಂದಿನ ಗೋಡೆಗೆ ದಪ್ಪ ಬಟ್ಟೆ ಹೊದಿಸಿ ಎಂದು ಇಂಟರ್ನೆಟ್ಟಿನ ಪಂಡಿತರು ಹೇಳಿದ್ದರು. ಮನೆಯಲ್ಲಿ ದಪ್ಪ ಬಟ್ಟೆ ಎಲ್ಲಿದೆ? ನಝೀಮನ ಕಣ್ಣು ಕಾರ್ಟನ್ನಿನ ಮೇಲೆ ಬಿತ್ತು.

ಅದರೊಳಗೆ ಮುಕ್ಕಾಲು ಜಾಗ ಹಿಡಿದಿದ್ದದ್ದು ಅತ್ತೆಗೆಂದು ಕೊಂಡ ಬ್ಲಾಂಕೆಟ್. ಮೆರೂನ್ ಬಣ್ಣ, ನಡುವೆ ಗರಿಬಿಚ್ಚಿದ ನವಿಲು, ಎರಡು ಪದರ, ಆರು ಕಿಲೋ ತೂಕ. ಆರು ಅಂಗಡಿ ಸುತ್ತಿ ಜಸೀಲಾ ಆರಿಸಿದ್ದಳು. ಕರಾವಳಿಯ ಸೆಕೆಯಲ್ಲಿ ಆರು ಕಿಲೋ ಬ್ಲಾಂಕೆಟ್ ಯಾಕೆಂದು ಕೇಳಬೇಡಿ. ಅದು ಹೊದೆಯಲಿಕ್ಕಲ್ಲ, ನೆಂಟರು ಬಂದಾಗ ಬಿಸಿಲಿಗೆ ಹಾಕಲಿಕ್ಕೆ! ಅತ್ತೆ ಫೋನ್ ಮಾಡಿದಾಗಲೆಲ್ಲ ಮೊದಲು ಅದರ ಕ್ಷೇಮ ವಿಚಾರಿಸುತ್ತಿದ್ದರು, ಆಮೇಲೆ ಅಳಿಯನದ್ದು.

ಜಸೀಲಾ ಪಕ್ಕದ ಮನೆಗೆ ಹೋದ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಹಗ್ಗ ಬಿಚ್ಚಿ, ಬ್ಲಾಂಕೆಟ್ ತೆಗೆದು, ಗೋಡೆಗೆ ಆರು ಮೊಳೆ ಹೊಡೆದು ತೂಗುಹಾಕಿದ. ಅದು ಕಾಣದಂತೆ ಮುಂದೆ ಒಂದು ಹಳೆಯ ಪರದೆ ಇಳಿಬಿಟ್ಟ, ಜಸೀಲಾ ಕೇಳಿದರೆ ಸೌಂಡಿಗೆ ಎಂದರಾಯಿತು. ಕಾರ್ಟನ್ನಿನಲ್ಲಿ ಬ್ಲಾಂಕೆಟ್ ಇದ್ದ ಜಾಗಕ್ಕೆ ಸ್ಪೀಕರಿನ ಥರ್ಮಾಕೋಲನ್ನು ತುರುಕಿ, ಭಾರಕ್ಕೆಂದು ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿ ಸೇರಿಸಿ, ಮೊದಲಿನಂತೆಯೇ ಹಗ್ಗ ಬಿಗಿದ. ಶುಕ್ರವಾರ ಕಳೆದ ಮೇಲೆ ಮೊದಲಿನ ಹಾಗೆ ಇಟ್ಟರಾಯಿತು ಎಂದುಕೊಂಡ. ಮೈಕಿನಲ್ಲಿ "ಹಲೋ" ಎಂದ. ಗೋಡೆ ತೆಪ್ಪಗಿತ್ತು. ನಝೀಮನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಶುಕ್ರವಾರ ಜುಮಾ ನಮಾಜು ಮುಗಿಸಿ ಎಲ್ಲರೂ ಬಂದರು. ಭಟ್ಕಳದ ಖಲೀಲುರ್ರಹ್ಮಾನ್ ಅತಿಥಿಗಳು. ಊರಲ್ಲೂ ಇಲ್ಲೂ ಅತ್ತರಿನ ವ್ಯಾಪಾರವಿರುವ ದೊಡ್ಡ ಮನುಷ್ಯರು. ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಅವರು ಇಪ್ಪತ್ತು ನಿಮಿಷ ಮಾತಾಡಿದರು. ಒಂದೊಂದು ಅಕ್ಷರವೂ ಮುತ್ತು! ಭಾಷಣ ಮುಗಿದದ್ದೇ ನಝೀಮ್ ರಿಮೋಟ್ ಎತ್ತಿ, ರಾಜಗಾಂಭೀರ್ಯದಿಂದ ಮ್ಯೂಟ್ ಗುಂಡಿ ಒತ್ತಿದ. ಮಜ್ಲಿಸಿನ ಸ್ಪೀಕರುಗಳು ಸುಮ್ಮನಾದವು. ಮೈಕನ್ನು ಚಹಾ ಫ್ಲಾಸ್ಕಿನ ಪಕ್ಕದಲ್ಲಿ ಮಲಗಿಸಿದ.

ಈಗ ಒಂದು ಸಣ್ಣ ವಿಷಯ. ಆ ರಿಸೀವರಿನಲ್ಲಿ ಎರಡು ಕೋಣೆಗಳಿಗೆ ಬೇರೆ ಬೇರೆ ಹಿಡಿತವಿತ್ತು. ಮ್ಯೂಟ್ ಒತ್ತಿದರೆ ಸುಮ್ಮನಾಗುವುದು ಹೊರಗಿನ ಕೋಣೆ ಮಾತ್ರ. ಒಳಗಿನ ಕೋಣೆಗೆ ಇನ್ನೊಂದು ಗುಂಡಿ ಒತ್ತಬೇಕು. ಇದನ್ನು ಕಂಪನಿಯವರು ಕೈಪಿಡಿಯ ನಲವತ್ತೇಳನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಆದರೆ ಕೈಪಿಡಿ ಓದುವುದು ಕಿವಿ ಇಲ್ಲದವರ ಕೆಲಸವಲ್ಲವೇ!

"ಎಂತ ಕ್ಲಿಯರ್ ಮಾರಾಯ!" ಎಂದು ಸಂಘದ ಹಿರಿಯರಾದ ಮೊಯ್ದು ಕಾಕ ತಲೆದೂಗಿದರು. "ನಮ್ಮಲ್ಲಿ ಮಾತಾಡಿದರೆ ಗೋಡೆಗೆ ಬಡಿದು ವಾಪಸ್ ಬರ್ತದೆ. ನೀನು ಎಂತ ಮಾಡಿದ್ದು?"

ಹೊಗಳಿಕೆ ತಲೆಗೇರಿದ ಮನುಷ್ಯನನ್ನು ತಡೆಯುವವರು ಯಾರು? ನಝೀಮ್ ಎದ್ದುಹೋಗಿ ನಾಟಕದ ಪರದೆ ಸರಿಸಿದಂತೆ ಪರದೆ ಸರಿಸಿದ. ನವಿಲು ಗರಿಬಿಚ್ಚಿ ನಿಂತಿತ್ತು.

"ಅತ್ತೆಯ ಬ್ಲಾಂಕೆಟ್!" ಎಂದ. "ಕಾರ್ಟನಿನಲ್ಲಿ ಈಗ ಥರ್ಮಾಕೋಲ್ ಉಂಟು."

"ಯಾ ಅಲ್ಲಾಹ್! ಜಸೀಲಾಗೆ ಗೊತ್ತುಂಟಾ?" ಎಂದು ಕೇಳಿದ ಫಾರಿಸ್. ಇವನು ನಝೀಮನ ಪ್ಲಾಂಟಿನಲ್ಲೇ ಕೆಲಸ ಮಾಡುವ ಗೆಳೆಯ.

"ಅವಳಿಗೆ ಎಂತ ಗೊತ್ತಾಗ್ತದೆ! ಕಾರ್ಟನಿಗೆ ಹಗ್ಗ ಕಟ್ಟಿದ್ದುಂಟಾ, ಮೇಲೆ ಹೆಸರು ಬರೆದದ್ದುಂಟಾ, ಅಷ್ಟೇ ನೋಡುವುದು ಅವಳು. ನಾನು ಹೇಳಿದ್ದನ್ನೆಲ್ಲ ನಂಬ್ತಾಳೆ, ಪಾಪ."

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಒಂದು ವಿಚಿತ್ರ ರೋಗ. ಒಬ್ಬನ ಗುಟ್ಟು ಹೊರಬಿದ್ದರೆ ಉಳಿದವರ ನಾಲಗೆಯೂ ತುರಿಸತೊಡಗುತ್ತದೆ.

"ನನ್ನದು ಕೇಳು," ಎಂದರು ಮೊಯ್ದು ಕಾಕ, ಫ್ಲಾಸ್ಕಿನ ಹತ್ತಿರಕ್ಕೆ ಸರಿದು. "ಸಕ್ಕರೆ ಕಾಯಿಲೆಗೆ ದಿನಾ ವಾಕಿಂಗ್ ಹೋಗ್ಲಿಕ್ಕೆ ಹೇಳಿದ್ದಾರಲ್ಲ ಡಾಕ್ಟರು? ನಾನು ಹೋಗ್ತೇನೆ. ಸಮುದ್ರದ ಹತ್ತಿರ ಆ ಕುನಾಫ ಸ್ವೀಟಿನ ಅಂಗಡಿ ಉಂಟಲ್ಲ, ಅಲ್ಲಿವರೆಗೆ. ಎರಡು ಪೀಸ್ ತಿಂದು ವಾಪಸ್. ಖದೀಜತ್ ಹೇಳ್ತಾಳೆ, 'ಪಾಪ, ಎಷ್ಟು ಸುಸ್ತಾಗಿದ್ದೀರಿ' ಅಂತ!"

"ನನಗೆ ಶುಕ್ರವಾರ ಬೆಳಿಗ್ಗೆ ಶಟ್‌ಡೌನ್ ಡ್ಯೂಟಿ ಅಂತ ಮನೆಯಲ್ಲಿ ಹೇಳಿದ್ದೇನೆ," ಎಂದ ಫಾರಿಸ್. "ಎರಡು ವರ್ಷದಿಂದ ಕ್ರಿಕೆಟ್ ಆಡ್ತಾ ಇದ್ದೇನೆ. ಇವತ್ತು ನಲವತ್ತು ರನ್!"

ಖಲೀಲುರ್ರಹ್ಮಾನರು ದೊಡ್ಡವರು, ಮೊದಲು ಗಡ್ಡ ನೀವಿಕೊಂಡು ಸುಮ್ಮನಿದ್ದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. "ನಮ್ಮ ಮನೆಯಿಂದ ದಿನಾ ಅಂಗಡಿಗೆ ಬುತ್ತಿ ಬರುತ್ತದೆ. ನಾನು ಅದನ್ನು ವಾಚ್‌ಮ್ಯಾನಿಗೆ ಕೊಟ್ಟು ಹೋಟೆಲಿನಿಂದ ಅರಬಿಗಳ ಮಟನ್ ಮಂದಿ ಅನ್ನ ತರಿಸುತ್ತೇನೆ. ವಾಚ್‌ಮ್ಯಾನ್ ಎಷ್ಟು ದಪ್ಪ ಆಗಿದ್ದಾನೆ ಗೊತ್ತಾ!"

ಮತ್ತೆ ನಗುವಿನ ಹೊನಲು. ನಡುವೆ ನಝೀಮ್ ಕಿವಿ ನಿಮಿರಿಸಿ ಒಳಗಿನ ಕೋಣೆಯತ್ತ ಬೆರಳು ತೋರಿಸಿದ. ಅಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ.

"ನೋಡಿ, ಇಷ್ಟು ವರ್ಷದಲ್ಲಿ ಹೆಂಗಸರು ಹೀಗೆ ಸುಮ್ಮನೆ ಕೂತದ್ದುಂಟಾ? ಭಾಷಣ ಮನಸ್ಸಿಗೆ ಇಳಿದಿದೆ. ಇದು ಸೌಂಡಿನ ಗುಣ!"

ಆಗ ಬಾಗಿಲು ಬಡಿದ ಸದ್ದಾಯಿತು. ಊಟ ಬಂತೆಂದು ಅರ್ಥ. ನಝೀಮ್ ಓಡಿಹೋಗಿ ಬಾಗಿಲು ಸ್ವಲ್ಪವೇ ತೆರೆದ. ಬಿರಿಯಾನಿಯ ದೊಡ್ಡ ತಟ್ಟೆ ಈಚೆ ಬಂತು, ಹಿಂದಿನಿಂದ ಜಸೀಲಾಳ ಧ್ವನಿಯೂ ಬಂತು. ಅದು ತೀರಾ ಮೆತ್ತಗಿತ್ತು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಎರಡೇ ಸಲ, ಎರಡು ಸಲವೂ ಅವನು ವಾರಗಟ್ಟಲೆ ಅನುಭವಿಸಿದ್ದ.

"ಮೊಯ್ದು ಕಾಕನಿಗೆ ಪಾಯಸ ಕೊಡಬೇಡಿ ಅಂತ ಖದೀಜತ್ ಮಾಮಿ ಹೇಳಿದ್ದಾರೆ. ಅವರದ್ದು ಕುನಾಫ ಆಗಿದೆಯಂತಲ್ಲ. ಖಲೀಲ್ ಸಾಹೇಬರಿಗೆ ಬಿರಿಯಾನಿ ಬೇಡವಂತೆ, ಅವರ ಮನೆಯವರು ಹೇಳಿದರು, ಹೋಟೆಲಿನಿಂದ ಮಂದಿ ತರಿಸಿಕೊಳ್ತಾರಂತೆ. ಫಾರಿಸಿಗೆ ಹೊಟ್ಟೆ ತುಂಬ ಬಡಿಸಿ. ನಲವತ್ತು ರನ್ ಅಂದರೆ ಸುಲಭವಾ?"

ನಝೀಮ್ ನಿಧಾನವಾಗಿ ತಿರುಗಿ ರಿಸೀವರನ್ನು ನೋಡಿದ. ಡಬ್ಬದ ಮೂಲೆಯಲ್ಲಿ ಎರಡನೆಯ ಕೋಣೆಯ ಹಸಿರು ದೀಪ ನಿಶ್ಚಿಂತೆಯಾಗಿ ಉರಿಯುತ್ತಿತ್ತು. ಮೈಕು ಫ್ಲಾಸ್ಕಿನ ಪಕ್ಕದಲ್ಲಿ ಬಾಯಿ ತೆರೆದುಕೊಂಡೇ ಮಲಗಿತ್ತು.

"ಮಾರಾಯ," ಎಂದರು ಮೊಯ್ದು ಕಾಕ, ಮೈಕಿಗೆ ಕೇಳದಂತೆ ಪಿಸುದನಿಯಲ್ಲಿ, "ಇದನ್ನು ನಾಳೆಯೇ ಮಾರು. ಯಾರೂ ತೆಗೆದುಕೊಳ್ಳದಿದ್ದರೆ ಸಮುದ್ರಕ್ಕೆ ಹಾಕು. ನಾನೇ ಹೊತ್ತುಕೊಂಡು ಬರ್ತೇನೆ."

ಆ ದಿನ ಊಟ ಬೇಗ ಮುಗಿಯಿತು. ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಖಲೀಲುರ್ರಹ್ಮಾನರಂತೂ ಒಂದು ಸೌತೆಕಾಯಿ ಹೋಳು ಹಿಡಿದುಕೊಂಡು ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಗಾಢವಾಗಿ ಯೋಚಿಸುತ್ತ ಕೂತರು. ಸಂಜೆಯ ಅಸರ್ ನಮಾಜಿಗೆ ಬಾಂಗ್ ಆದದ್ದೇ ಎಲ್ಲರೂ ಹೆಂಡತಿಯರ ಹಿಂದೆ ಒಬ್ಬೊಬ್ಬರಾಗಿ ಮೆಟ್ಟಲಿಳಿದರು.

ಮನೆ ಖಾಲಿಯಾಯಿತು. ಜಸೀಲಾ ಬಂದು ಬ್ಲಾಂಕೆಟ್ಟಿನ ಮುಂದೆ ನಿಂತಳು. ನವಿಲಿನ ಕೊರಳಿಗೇ ಒಂದು ಮೊಳೆ ಹೊಡೆದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೈದಿದ್ದರೆ ನಝೀಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬ್ಲಾಂಕೆಟ್ಟಿನ ವಿಷಯಕ್ಕಿಂತಲೂ "ಅವಳಿಗೆ ಎಂತ ಗೊತ್ತಾಗ್ತದೆ" ಎಂದ ತನ್ನ ಮಾತೇ ಅವನನ್ನು ಚುಚ್ಚುತ್ತಿತ್ತು. ಅವಳು ನಂಬುತ್ತಾಳೆಂದು ಹತ್ತು ಜನರ ಮುಂದೆ ನಗಾಡಿದ್ದನಲ್ಲ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ತಪ್ಪಾಯಿತು, ಜಸೀಲಾ. ಆರು ಅಂಗಡಿ ಅಲ್ಲ, ಅರುವತ್ತು ಅಂಗಡಿ ಸುತ್ತಿ ಇಂಥದ್ದೇ ತರ್ತೇನೆ."

"ತನ್ನಿ. ನಾನೂ ಬರ್ತೇನೆ. ಕಾರ್ಟನ್ನೂ ನಿಮ್ಮ ಎದುರಿಗೇ ತುಂಬಿಸ್ತೇನೆ."

"ಈ ಸೆಟ್ಟನ್ನು ನಾಳೆಯೇ ಜಿದ್ದಾಕ್ಕೆ ವಾಪಸ್ ಕೊಡ್ತೇನೆ," ಎಂದ ನಝೀಮ್. ಮೂರು ತಿಂಗಳ ತಪಸ್ಸಿನ ಫಲವನ್ನು ಅಷ್ಟು ಸಂತೋಷದಿಂದ ತ್ಯಾಗ ಮಾಡಲು ಹೊರಟವನು ಅವನೊಬ್ಬನೇ ಇರಬೇಕು.

"ವಾಪಸ್ಸಾ? ಯಾಕೆ?" ಜಸೀಲಾಳ ಹುಬ್ಬು ಮೇಲೇರಿತು. "ಒಬ್ಬಳು ಹೊಗಳಿದರೆ ಇರಲಿ ಅಂತ ನಾನೇ ಹೇಳಿದ್ದಲ್ವಾ? ಒಂಬತ್ತು ಜನ ಹೊಗಳಿದ್ದಾರೆ! 'ಪಕ್ಕದಲ್ಲಿ ಕೂತು ಮಾತಾಡಿದ ಹಾಗೆಯೇ ಉಂಟು' ಅಂದರು ಖದೀಜತ್ ಮಾಮಿ. ಇನ್ನು ಎಲ್ಲ ತಿಂಗಳೂ ಮೀಟಿಂಗ್ ನಮ್ಮ ಮನೆಯಲ್ಲೇ ಅಂತ ಹೆಂಗಸರೆಲ್ಲ ಸೇರಿ ತೀರ್ಮಾನ ಮಾಡಿ ಆಯಿತು."

ನಝೀಮ್ ಫ್ಲಾಸ್ಕಿನ ಪಕ್ಕದ ಮೈಕನ್ನು ನೋಡಿದ. "ಹಾಗಾದರೆ... ಮುಂದಿನ ಸಲ ಮೈಕು ಹೆಂಗಸರ ಬದಿಗೆ ಕೊಡುವುದಾ?"

"ಛೆ, ಛೆ!" ಎಂದಳು ಜಸೀಲಾ, ಮೊಳೆ ಕೀಳುವ ಇಕ್ಕಳವನ್ನು ಅವನ ಕೈಗಿಡುತ್ತ. "ಮೈಕು ನಿಮ್ಮ ಹತ್ತಿರವೇ ಇರಲಿ. ನಮಗೆ ಸ್ಪೀಕರು ಸಾಕು."