ಹಸಿವು ಕಟ್ಟುವ ಪುಡಿ ಮತ್ತು ಹೊನವಾಡದ ಬುತ್ತಿ

ಹಸಿವೆಂಬುದು ನಮ್ಮ ಆಜ್ಞೆಯಲ್ಲಿರಬೇಕಾದ ಒಂದು ಅಭ್ಯಾಸ, ಅದನ್ನು ಗೆಲ್ಲಲು ಗಟ್ಟಿ ಮನಸ್ಸೊಂದು ಹಾಗೂ ಚಮಚವೊಂದು ಇದ್ದರೆ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮನಸ್ಸು ನನ್ನದೇ ಇತ್ತು. ಚಮಚ ಡಬ್ಬಿಯ ಜೊತೆ ಪುಕ್ಕಟೆ ಬಂದಿತ್ತು!

ಇದಕ್ಕೆಲ್ಲ ಮೂಲ ನನ್ನ ಗೆಳೆಯ ರಾಜೇಸಾಬ. ಕಾಲೇಜು ಓದುವಾಗ ನಾವಿಬ್ಬರೂ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕದ ಒಂದೇ ಖೋಲಿಯಲ್ಲಿದ್ದವರು. ರೈಲು ಹೋದಾಗಲೆಲ್ಲ ನಮ್ಮ ಪಾತ್ರೆಗಳು ಗೂಡಿನಲ್ಲಿ ಕುಣಿಯುತ್ತಿದ್ದವು. ಈಗ ಅವನು ತನ್ನೂರು ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಾನು ವಿಜಯಪುರದಲ್ಲೇ ಉಳಿದು, ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ಅಗಲವಾಗಿದ್ದೇನೆ. ಮಗನ ಮದುವೆಗೆ ಕರೆಯುವ ನೆಪದಲ್ಲಿ ಅವನು ಮೊಬೈಲಿಗೊಂದು ಹಳೆಯ ಫೋಟೊ ಕಳಿಸಿದ. ಅದರಲ್ಲಿ ನಾನು ಬಸ್ಸಿನ ಹಿಂದಿನ ಏಣಿಗೆ ಒರಗಿ ನಿಂತಿದ್ದೇನೆ. ಏಣಿ ಯಾವುದು, ನಾನು ಯಾವುದು ಎಂದು ಕಣ್ಣಿಟ್ಟು ನೋಡಬೇಕು! ಹಿಂದೆಯೇ ಅವನ ಫೋನು ಬಂತು.

"ಲೇ ಕಡ್ಡಿ, ಈ ಹುಡುಗ ಎಲ್ಲಿ ಹ್ವಾದನಲೇ? ಲಗ್ನಕ್ಕ ಅವನ್ನ ಕರಕೊಂಡ ಬಾ. ಹೊಟ್ಟಿ ಮನ್ಯಾಗ ಬಿಟ್ಟ ಬಾ!"

ಕಡ್ಡಿ ಎಂಬುದು ನನ್ನ ಆಗಿನ ಹೆಸರು. ಎಷ್ಟೋ ವರ್ಷಗಳ ನಂತರ ಅದನ್ನು ಕೇಳಿ ಎದೆ ತುಂಬಿ ಬಂತು. ಫೋಟೊದಲ್ಲಿ ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದಾಗಲಂತೂ ಕಣ್ಣೇ ಮಂಜಾಯಿತು. ಅದು ಅವ್ವ ಕಳಿಸುತ್ತಿದ್ದ ಬುತ್ತಿ.

ಆಗ ಹಳ್ಳಿಗಳಿಂದ ಓದಲು ಬಂದ ನಮ್ಮಂಥ ಹುಡುಗರ ಊಟ ಬಸ್ಸಿನಲ್ಲೇ ಬರುತ್ತಿತ್ತು. ಹೊನವಾಡದಲ್ಲಿ ಅವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಕಡಲೆಹಿಟ್ಟಿನ ಜುಣಕದ ವಡಿ, ಬೆಣ್ಣೆ ಇಟ್ಟು ಪಂಜೆಯ ತುಂಡಿನಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಿದ್ದಳು. ಚಾಲಕನ ಪಕ್ಕ, ಎಂಜಿನ್ನಿನ ಬಿಸಿ ಮುಚ್ಚಳದ ಮೇಲೆ ಊರೂರಿನ ಬುತ್ತಿಗಳು ಸಾಲಾಗಿ ಕೂತು ಪ್ರಯಾಣ ಮಾಡುತ್ತಿದ್ದವು. ನಿಲ್ದಾಣದಲ್ಲಿ ನಾವು ಗಂಟಿನ ಬಟ್ಟೆ ನೋಡಿಯೇ ಗುರುತು ಹಿಡಿಯುತ್ತಿದ್ದೆವು. ರೊಟ್ಟಿಗೆ ತುಸು ಡೀಸೆಲ್ಲಿನ ವಾಸನೆ ಇರುತ್ತಿತ್ತು. ಇವತ್ತಿಗೂ ಡೀಸೆಲ್ ವಾಸನೆ ಬಂದರೆ ನನ್ನ ಬಾಯಲ್ಲಿ ನೀರೂರುತ್ತದೆ!

ಅಷ್ಟು ತಿಂದರೂ ನಾನು ಕಡ್ಡಿಯೇ. ಅವ್ವನಿಗೆ ಅದೇ ಚಿಂತೆ. ತಿಕೋಟಾ ಸಂತೆಯಲ್ಲಿ ಬೇರು ಮಾರುವವನ ಹತ್ತಿರ ಹಸಿವು ಹೆಚ್ಚಿಸುವ ಕಷಾಯ ತಂದು, ಮೂಗು ಹಿಡಿದು ಕುಡಿಸುತ್ತಿದ್ದಳು. ಆಗ ಅದರಿಂದ ಏನೂ ಆಗಲಿಲ್ಲ. ಈಗ ನನ್ನನ್ನು ನೋಡಿದರೆ, ಅದು ತಡವಾಗಿ ಕೆಲಸ ಶುರು ಮಾಡಿತೋ ಏನೋ ಎಂಬ ಅನುಮಾನ ಬರುತ್ತದೆ.

ಇರಲಿ. ಕಡ್ಡಿಯನ್ನು ಮರಳಿ ತರುವ ಪಣ ತೊಟ್ಟು, ಮೊಬೈಲಿನ ಜಾಹೀರಾತು ನೋಡಿ ಹಸಿವು ಕಟ್ಟುವ ಗಿಡಮೂಲಿಕೆಯ ಪುಡಿ ತರಿಸಿದೆ. 'ಊಟಕ್ಕೆ ಮುಂಚೆ ಬಿಸಿ ನೀರಿನಲ್ಲಿ ಸೇವಿಸತಕ್ಕದ್ದು' ಎಂದು ಡಬ್ಬಿಯ ಮೇಲಿತ್ತು. ಸೇವಿಸಿದೆ. ಯಪ್ಪಾ! ಬೇವು ಇದರ ಮುಂದೆ ಬೆಲ್ಲ. ನೀರಿನಲ್ಲಿ ಅದು ಗಂಟಲಿಳಿಯಲು ಸುತರಾಂ ಒಪ್ಪಲಿಲ್ಲ. ನಮ್ಮ ಕಡೆ ಗಂಟಲಿಳಿಯದ ಯಾವುದಕ್ಕೂ ಒಂದೇ ಉಪಾಯ. ರೊಟ್ಟಿಗೆ ಬೆಣ್ಣೆ ಸವರಿ, ಪುಡಿ ಉದುರಿಸಿ, ಮೇಲೆ ಶೇಂಗಾ ಹಿಂಡಿ ಹಾಕಿ ಸುರುಳಿ ಸುತ್ತಿದೆ. ಸಲೀಸಾಗಿ ಇಳಿಯಿತು. ಕಹಿ ಉಳಿಯಬಾರದೆಂದು ಹಿಂದೆಯೇ ಇನ್ನೊಂದು ರೊಟ್ಟಿ, ಮೊಸರಿನ ಜೊತೆ.

ಹೆಂಡತಿ ಶೋಭಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಊಟ ಆತೇನ್ರಿ?"

"ಛೇ, ಇದು ಔಷಧ. ಊಟ ಇನ್ನ ಮ್ಯಾಲೆ."

"ಹಂಗಾದ್ರ ದಿನಾ ಔಷಧಕ್ಕ ಬ್ಯಾರೆ ಹಿಟ್ಟ ನಾದಲೇನ್ರಿ?"

ನಾನು ಗಂಭೀರವಾಗಿ ಹೌದೆಂದೆ. ಹೀಗೆ ನನ್ನ ಚಿಕಿತ್ಸೆ ಕ್ರಮಬದ್ಧವಾಗಿ ಸಾಗಿತು. ಪ್ಯಾಂಟು ಮಾತ್ರ ದಿನೇ ದಿನೇ ಬಿಗಿಯಾಗತೊಡಗಿತು. ಒಗೆದು ಒಗೆದು ಬಟ್ಟೆ ಕುಗ್ಗುತ್ತಿದೆ ಎಂದು ಶೋಭಾಳ ಮೇಲೆ ಆರೋಪ ಹೊರಿಸಿ ನೋಡಿದೆ. ಮುಂದಿನ ಬಟ್ಟೆಗಳನ್ನೆಲ್ಲ ನಾನೇ ಒಗೆದುಕೊಳ್ಳಬೇಕಾಯಿತು!

ಆಮೇಲೆ ಮಾಡಿದ್ದು ತಪ್ಪಿನಲ್ಲಿ ದೊಡ್ಡ ತಪ್ಪು. ಹೊನವಾಡದಲ್ಲಿ ತಮ್ಮನ ಮನೆಯನ್ನು ಆಳಿಕೊಂಡಿರುವ ಅವ್ವ, ಇವತ್ತಿಗೂ ಭಾನುವಾರಕ್ಕೊಮ್ಮೆ ಬಸ್ಸಿಗೆ ಬುತ್ತಿ ಕೊಡುತ್ತಾಳೆ. ಈ ಬುತ್ತಿಯೇ ನನ್ನ ಸಾಧನೆಗೆ ಅಡ್ಡಿ ಎಂದು ನಿರ್ಧರಿಸಿ ಫೋನು ಮಾಡಿದೆ.

"ಅವ್ವಾ, ಇನ್ನ ಬುತ್ತಿ ಕಳಸಬ್ಯಾಡ. ನನಗ ಹಸಿವೇ ಆಗವಲ್ದು."

ಪುಡಿ ಕೆಲಸ ಮಾಡುತ್ತಿದೆ ಎಂದು ತೋರಿಸಿಕೊಳ್ಳುವ ಚಪಲ, ಅಷ್ಟೇ. ಅವ್ವ ಫೋನು ಇಟ್ಟುಬಿಟ್ಟಳು. ಒಪ್ಪಿದಳು ಅಂದುಕೊಂಡೆ.

ಭಾನುವಾರ ಬೇಡವೆಂದರೂ ಕಾಲುಗಳು ನಿಲ್ದಾಣಕ್ಕೆ ಎಳೆದೊಯ್ದವು. ಹೊನವಾಡದ ಬಸ್ಸು ಬಂತು. ಬುತ್ತಿ ಇರಲಿಲ್ಲ. ಬುತ್ತಿ ಕಟ್ಟುವವಳೇ ಕಂಬಿ ಹಿಡಿದು ಇಳಿಯುತ್ತಿದ್ದಳು! ಕಂಕುಳಲ್ಲಿ ಗಂಟು, ಕೈಯಲ್ಲೊಂದು ಬಾಟಲಿ. ತಿಕೋಟಾದಲ್ಲಿ ಇಳಿದು, ಅದೇ ಹಳೆಯ ಕಷಾಯ ಹುಡುಕಿ ತಂದಿದ್ದಳು. ನನ್ನ ಹೊಟ್ಟೆಯ ಕಡೆ ನೋಡಲೇ ಇಲ್ಲ, ಮುಖವನ್ನಷ್ಟೇ ನೋಡಿದಳು.

"ಯಾವಾಗಿಂದ ಹಸಿವ ಕಟ್ಟೇತಿ? ನಿಮ್ಮಪ್ಪಗೂ ಮದ್ಲ ಹಸಿವ ಕಟ್ಟಿತ್ತು. ಆಮ್ಯಾಲೆ..."

ಅವಳು ಮಾತು ಬಿಟ್ಟು ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ನನಗೆ ಭೂಮಿಗಿಳಿದು ಹೋದಂತಾಯಿತು. ಅಪ್ಪನ ಕೊನೆಯ ದಿನಗಳು ನನಗೂ ನೆನಪಿದ್ದವು, ಮರೆತು ಮಾತಾಡಿದ್ದೆ.

ಆದರೂ ಪುಡಿಯ ವಿಷಯ ಹೇಳುವ ಧೈರ್ಯ ಬರಲಿಲ್ಲ. ಮನೆಯಲ್ಲಿ ಅವ್ವ ಕಷಾಯ ಕೊಟ್ಟಳು, ಕುಡಿದೆ. ಒಂದು ಹಸಿವು ಕಟ್ಟುವ ಬೇರು, ಒಂದು ಹಸಿವು ಬಿಚ್ಚುವ ಬೇರು. ಎರಡೂ ನನ್ನ ಹೊಟ್ಟೆಯೊಳಗೆ ಎದುರಾಬದುರಾ ಆದವು. ಆ ಸದ್ದು ಅಡುಗೆಮನೆಯಲ್ಲಿದ್ದ ಶೋಭಾಳಿಗೂ ಕೇಳಿಸಿತಂತೆ! ಅವಳು ಡಬ್ಬಿ ತಂದು ಅತ್ತೆಯ ಮುಂದಿಟ್ಟಳು.

"ಅತ್ತೀ, ನೀವು ಚಿಂತಿ ಮಾಡಬ್ಯಾಡ್ರಿ. ಇವರು ಹಸಿವ ಆಗಬಾರದಂತ ಇದನ್ನ ತಿನ್ನಾಕತ್ತಾರ. ರೊಟ್ಟಿ, ಬೆಣ್ಣಿ ಹಚ್ಚಿಕೊಂಡು!"

ಅವ್ವ ಡಬ್ಬಿಯನ್ನೂ ನನ್ನನ್ನೂ ನೋಡಿದಳು. "ಹಸಿವ ಆಗಬಾರದಂತ ಔಷಧ ತಗೊಂಡೀಯೇನೋ ಮೂಳಾ? ನಿನಗ ಹಸಿವ ಆಗಲಿ ಅಂತ ನಾ ಕಂಡ ಕಂಡ ದೇವರಿಗೆಲ್ಲಾ ಹರಕಿ ಹೊತ್ತೇನಿ!"

ಬೈಯುತ್ತ ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ನಕ್ಕಳು. ಅವಳು ನಕ್ಕಾಗ ನನಗೆ ಉಸಿರು ಬಂತು. ಪುಡಿಯನ್ನೆಲ್ಲ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು, ಎದುರು ಕೂತು ನನಗೆ ಬಡಿಸಿದಳು. ನಾನು ತಿಂದಷ್ಟೂ ಅವಳ ಮುಖ ಅರಳುತ್ತಿತ್ತು. ಇಂಥ ಮೂಲಿಕೆ ನಿಜಕ್ಕೂ ಮೈ ಇಳಿಸುತ್ತದೆಯೇ ಎಂದು ಕೇಳುವವರಿಗೆ ನಾನು ಆ ಕರಿಬೇವನ್ನು ತೋರಿಸುತ್ತೇನೆ. ಮೊದಲಿಗಿಂತ ದಪ್ಪಗಾಗಿದೆ!

ಮದುವೆಗೆ ಕಡ್ಡಿಯ ಬದಲು ನಾನೇ ಬಬಲೇಶ್ವರಕ್ಕೆ ಹೋದೆ. ರಾಜೇಸಾಬ ತಬ್ಬಿಕೊಳ್ಳಲು ಬಂದ. ಎದೆಗಳು ಮುಟ್ಟುವ ಮೊದಲೇ ಹೊಟ್ಟೆಗಳು ಮುಟ್ಟಿದವು. ಅವನ ಮನೆಯ ಗೂಡಿನಲ್ಲೂ ಅದೇ ಡಬ್ಬಿ ಇತ್ತು, ಖಾಲಿಯಾಗಿ. ನಾವಿಬ್ಬರೂ ಆ ಬಗ್ಗೆ ಮಾತಾಡದೆ ಊಟಕ್ಕೆ ಕುಳಿತೆವು.

ಅಷ್ಟರಲ್ಲಿ ಅವ್ವ ಊರಿಗೆ ಮರಳಿದ್ದಳು. ಮರು ಭಾನುವಾರ ನಿಲ್ದಾಣಕ್ಕೆ ಹೋದೆ. ಬಸ್ಸು ಹತ್ತಿ ನೋಡಿದರೆ ಹೊಸ ಕಂಡಕ್ಟರ್.

"ಹೊನವಾಡದ ಬುತ್ತಿ ಐತೇನ್ರಿ?"

"ಐತ್ರಿ. ನಿಮಗ ಕೊಡಾಕ ಬರೂದಿಲ್ಲ."

"ಯಾಕ್ರಿ?"

"ಅಜ್ಜಿ ಗುರುತ ಹೇಳ್ಯಾಳ್ರಿ. 'ನನ್ನ ಹುಡುಗ ಬರ್ತಾನ, ಭಾಳ ಸೊರಗ್ಯಾನ, ಅವನ ಕೈಯಾಗ ಕೊಡ್ರಿ, ಬ್ಯಾರೇದವರಿಗೆ ಕೊಡಬ್ಯಾಡ್ರಿ' ಅಂದಾಳ." ನನ್ನ ಹೊಟ್ಟೆಯನ್ನು ಬಹಳ ಮರ್ಯಾದೆಯಿಂದ ನೋಡಿ ಮುಂದುವರಿಸಿದ, "ನಿಮ್ಮ ಮಗನ್ನ ಕಳಸ್ರಿ."

ಆ ಹುಡುಗ ನಾನೇ ಎಂದು ಎಷ್ಟು ಹೇಳಿದರೂ ಆತ ನಂಬಲೊಲ್ಲ. ಕೊನೆಗೆ ಅವ್ವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದೆ.

"ಹೌದಪಾ, ಅವನೇ ನನ್ನ ಹುಡುಗ. ನೀನ ನೋಡ, ಸೊರಗ್ಯಾನಿಲ್ಲ?"

ಕಂಡಕ್ಟರ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದ. "ಹೌದ ಬೇ ಯವ್ವಾ, ಭಾಳ ಸೊರಗ್ಯಾನ. ಇನ್ನೊಂದ ಬುತ್ತಿ ಕಳಸ!"

ಇಡೀ ಬಸ್ಸು ನಕ್ಕಿತು. ನಾನು ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು, ಗಂಟನ್ನು ಎದೆಗವಚಿಕೊಂಡು ಇಳಿದೆ. ಗಂಟು ಇನ್ನೂ ಬೆಚ್ಚಗಿತ್ತು, ಡೀಸೆಲ್ಲಿನ ವಾಸನೆ ಸಣ್ಣಗೆ ಬರುತ್ತಿತ್ತು. ಲೋಕದಲ್ಲಿ ಒಬ್ಬಳ ಕಣ್ಣಿಗಾದರೂ ನಾನಿನ್ನೂ ಕಡ್ಡಿಯಾಗಿಯೇ ಇದ್ದೇನಲ್ಲ ಎಂದು ಹಿಗ್ಗಿದೆ. ನಿಲ್ದಾಣದ ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ಕಷಾಯದ ಬಾಟಲಿ ಇತ್ತು. ಅವ್ವನ ಮಾತು ಮೀರಬಾರದೆಂದು ಒಂದು ಗುಟುಕು ಕುಡಿದೆ. ಕಹಿ ಹೋಗಲೆಂದು ಒಂದು ರೊಟ್ಟಿ ತಿಂದೆ. ಊಟವಲ್ಲ, ಔಷಧ!